ಡಾಡ್ಜ್ ರ‍್ಯಾಮ್ ಹಳೆಯ ಡೀಸೆಲ್ ಪಿಕಪ್: ಸ್ವಂತ ದುರಸ್ತಿ

ಅಮೆರಿಕದ ಡಾಡ್ಜ್ ರ‍್ಯಾಮ್ ಪಿಕಪ್‌ಗಳಿಗೆ 1989ರಿಂದ 1998ರ ಮಾದರಿಗಳವರೆಗೆ ಕಮಿನ್ಸ್ ಕಂಪನಿಯ 5.9 ಲೀಟರ್, 6 ಸಿಲಿಂಡರ್, 12 ವಾಲ್ವ್ ಎಂಜಿನ್ ಬರುತ್ತಿತ್ತು. ಡೀಸೆಲ್ ಪಂಪು ಯಾಂತ್ರಿಕವಾದ್ದರಿಂದ ಸ್ಪ್ಯಾನರ್ ಹಿಡಿಯಬಲ್ಲ ಮಾಲೀಕನೇ ಬಹುಪಾಲು ಕೆಲಸ ಮಾಡಿಕೊಳ್ಳಬಹುದು. ಟ್ಯಾಪೆಟ್ ಸೆಟ್ಟಿಂಗ್ ತಣ್ಣನೆಯ ಎಂಜಿನ್‌ನಲ್ಲಿ: ಇನ್‌ಲೆಟ್ 0.25 ಮಿ.ಮೀ., ಎಕ್ಸಾಸ್ಟ್ 0.51 ಮಿ.ಮೀ.

ಹೆದರಬೇಕಾದ್ದು ಒಂದು ಪುಟ್ಟ ಉಕ್ಕಿನ ಪಿನ್ನಿಗೆ. ಟೈಮಿಂಗ್ ಗೇರ್ ಹೌಸಿಂಗನ್ನು ಬ್ಲಾಕ್‌ಗೆ ಸರಿಯಾಗಿ ಕೂರಿಸಲು ಹಾಕಿರುವ ಈ ಪಿನ್ ವರ್ಷಗಳ ಅದುರಾಟದಲ್ಲಿ ಮೆಲ್ಲಗೆ ಹೊರಸರಿದು ಗೇರ್‌ಗಳ ನಡುವೆ ಬಿದ್ದರೆ ಹೌಸಿಂಗ್ ಒಡೆಯುತ್ತದೆ, ಕೆಲವೊಮ್ಮೆ ಎಂಜಿನ್ನೇ ಕೈಕೊಡುತ್ತದೆ. ಮುಂದಿನ ಕವರ್ ಬಿಚ್ಚಿ, ಪಿನ್ನನ್ನು ಒಳಕ್ಕೆ ಬಡಿದು, ಪಕ್ಕದ ಬೋಲ್ಟ್‌ನಡಿ ಅದರ ಬಾಯಿ ಮುಚ್ಚುವಂತೆ ತಗಡಿನ ಪಟ್ಟಿಯೊಂದನ್ನು ಬಿಗಿದರೆ ಆಯಿತು. ಪಟ್ಟಿಗೆ ಬೆಲೆಯೇ ಇಲ್ಲ. ಅಲ್ಲಿಗೆ ಕೈ ಹೋಗುವಂತೆ ಮಾಡುವುದೇ ದೊಡ್ಡ ಕೆಲಸ.

ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿದರೆ ಪಂಪನ್ನು ದೂರುವ ಮೊದಲು ರಬ್ಬರ್ ಡೀಸೆಲ್ ಪೈಪುಗಳನ್ನು ನೋಡಬೇಕು. ಬಿರುಕಿನಿಂದ ಏರ್ ಎಳೆದಿರುವುದೇ ಹೆಚ್ಚು.

1998ರ ಮಾದರಿ ವರ್ಷದ ಮಧ್ಯದಲ್ಲಿ ಬಂದ 24 ವಾಲ್ವ್ ಎಂಜಿನ್‌ನದು ಎಲೆಕ್ಟ್ರಾನಿಕ್ ಪಂಪು. ಟ್ಯಾಂಕಿನಿಂದ ಡೀಸೆಲ್ ತರುವ ಸಣ್ಣ ಪಂಪು ಸೊರಗಿದರೆ ಈ ದುಬಾರಿ ಪಂಪೂ ಕೆಡುತ್ತದೆ. ಒತ್ತಡ ತೋರುವ ಗೇಜ್ ಹಾಕಿಸಿಕೊಳ್ಳುವುದು ಜಾಣತನ.