ಪದ ಬಂತು, ವಾಕ್ಯ ಬರಲಿಲ್ಲ

ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಂಥ ಊರಿನಲ್ಲಿ ಇಂಗ್ಲಿಷ್ ಬಾರದವರ ಬಾಯಲ್ಲೂ ದಿನಕ್ಕೆ ಎಷ್ಟು ಇಂಗ್ಲಿಷ್ ಪದಗಳು ಬಂದು ಹೋಗುತ್ತವೆ ಎಂದು ಎಣಿಸಿದವರುಂಟೇ? ಬಸ್ಸು, ಟಿಕೇಟು, ರೋಡು, ಕರೆಂಟು, ಪಂಪ್‌ಸೆಟ್ಟು, ಬ್ಯಾಂಕು, ಲೋನು, ಪೆನ್ನು, ಬೆಂಚು... ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಆದರೂ ಕನ್ನಡ ಮಾಧ್ಯಮದಲ್ಲಿ ಓದುವ ಹಳ್ಳಿಯ ಮಕ್ಕಳಲ್ಲಿ ಬಹುಮಂದಿಗೆ ಎಸ್ಸೆಸ್ಸೆಲ್ಸಿ ಹೊತ್ತಿಗೆ ಇಂಗ್ಲಿಷ್ ಎಂದರೆ ಬೆವರು. ಪದಗಳು ಇಷ್ಟು ಸಲೀಸಾಗಿ ಬಂದವು, ವಾಕ್ಯ ಮಾತ್ರ ಏಕೆ ಬರಲಿಲ್ಲ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಅದೇ ತಾಲ್ಲೂಕಿನ ಹಳೇಬೀಡಿಗೆ, ಹೊಯ್ಸಳರ ಕಾಲಕ್ಕೆ ಹೋಗಬೇಕಾಗುತ್ತದೆ.

ಕೇಶಿರಾಜನ ದರ್ಪಣ

ಇಂದಿನ ಹಳೇಬೀಡು ಅಂದಿನ ದೋರಸಮುದ್ರ, ಹೊಯ್ಸಳರ ರಾಜಧಾನಿ. 13ನೇ ಶತಮಾನದಲ್ಲಿ ಹೊಯ್ಸಳ ದೊರೆ ಸೋಮೇಶ್ವರನಿಗಾಗಿ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದವನು ಮಲ್ಲಿಕಾರ್ಜುನ. ಅವನ ಮಗ, ಕವಿ ಜನ್ನನ ಸೋದರಳಿಯ ಕೇಶಿರಾಜನೇ ‘ಶಬ್ದಮಣಿದರ್ಪಣ’ದ ಕರ್ತೃ. ಸಂಧಿ, ಸಮಾಸ, ನಾಮಪದ, ಕ್ರಿಯಾಪದಗಳ ನಿಯಮಗಳ ಜತೆಗೆ ಧಾತುಗಳ ಪಟ್ಟಿ, ಅಪರೂಪದ ಪದಗಳ ಅರ್ಥ ಎಲ್ಲವೂ ಅದರಲ್ಲಿವೆ. ಅಂದರೆ ಅದು ವ್ಯಾಕರಣವೂ ಹೌದು, ಒಂದು ಮಟ್ಟಿಗೆ ಪದಕೋಶವೂ ಹೌದು.

ಸಂಸ್ಕೃತದ ಪದ ಕನ್ನಡಕ್ಕೆ ಬರುವಾಗ ಹೇಗೆ ಬದಲಾಗುತ್ತದೆ ಎಂದು ತೋರಿಸಲು ಕೇಶಿರಾಜ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ‘ಆಕಾಶ’ ‘ಆಗಸ’ವಾದದ್ದು ಹೀಗೆ. ಇಂಗ್ಲಿಷಿನ ‘ಬಸ್’ಗೆ ನಾವು ಒಂದು ಉಕಾರ ಹಚ್ಚಿ ‘ಬಸ್ಸು’ ಮಾಡಿಕೊಂಡದ್ದೂ, ‘ಮಾಸ್ಟರ್’ ‘ಮೇಷ್ಟ್ರು’ ಆದದ್ದೂ ಇದೇ ಜಾಯಮಾನದಿಂದ. ಇಂಗ್ಲಿಷಿನ ಕ್ರಿಯಾಪದ ಬಂದರಂತೂ ಅದಕ್ಕೆ ‘ಮಾಡು’ ಸೇರಿಸಿ ‘ಫೋನ್ ಮಾಡು’, ‘ಓಪನ್ ಮಾಡು’ ಎಂದುಬಿಡುತ್ತೇವೆ. ಪದ ಅವರದು, ವಾಕ್ಯ ನಮ್ಮದು. ಎಷ್ಟು ಪದ ಬಂದರೂ ಇಂಗ್ಲಿಷ್ ಬರಲಿಲ್ಲವೇಕೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಅವರು ಕನ್ನಡ ಕಲಿತ ಬಗೆ

19ನೇ ಶತಮಾನದಲ್ಲಿ ಕಂಪೆನಿಯ ಅಧಿಕಾರಿಗಳಿಗೂ ಪಾದ್ರಿಗಳಿಗೂ ಕನ್ನಡ ಬೇಕಾಯಿತು. ಶ್ರೀರಾಮಪುರದಲ್ಲಿದ್ದ ವಿಲಿಯಂ ಕೇರಿ 1817ರಲ್ಲಿ, ಜಾನ್ ಮೆಕೆರೆಲ್ 1820ರಲ್ಲಿ ಕನ್ನಡ ವ್ಯಾಕರಣಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ತಂದ.

ಇವರೆಲ್ಲರನ್ನೂ ಮೀರಿಸಿದವರು ಜರ್ಮನಿಯಿಂದ 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಬಂದ ಫರ್ಡಿನಾಂಡ್ ಕಿಟೆಲ್. ಸುಮಾರು 70,000 ಪದಗಳ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದಕ್ಕೂ ಎಷ್ಟೋ ಮೊದಲು, 1872ರಲ್ಲೇ, ಕಿಟೆಲ್ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಪ್ರಕಟಿಸಿದ್ದರೆಂಬುದು ಗಮನಾರ್ಹ. 1903ರ ಅವರ ಕನ್ನಡ ವ್ಯಾಕರಣಕ್ಕೂ ಕೇಶಿರಾಜನೇ ಮುಖ್ಯ ಆಧಾರ. ಕನ್ನಡದ ವಾಕ್ಯ ಹೇಗೆ ನಿಲ್ಲುತ್ತದೆ ಎಂಬುದನ್ನು ತಮಗೆ ಗೊತ್ತಿದ್ದ ಭಾಷೆಯಲ್ಲಿ ಬಿಡಿಸಿಟ್ಟುಕೊಂಡು ಅವರು ಕಲಿತರು.

ನಾವು ಇಂಗ್ಲಿಷ್ ಕಲಿತ ಬಗೆ

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ನೆರವಿನಿಂದ ಉಚಿತ ಇಂಗ್ಲಿಷ್ ಶಾಲೆ ಆರಂಭವಾದದ್ದು 1833ರಲ್ಲಿ. ಮೆಕಾಲೆಯ ಟಿಪ್ಪಣಿ ಬಂದದ್ದು 1835ರಲ್ಲಿ. ಬೆಂಗಳೂರಿನಲ್ಲಿ 1858ರಲ್ಲಿ ಹುಟ್ಟಿದ ಹೈಸ್ಕೂಲು ಮುಂದೆ ಸೆಂಟ್ರಲ್ ಕಾಲೇಜಾಯಿತು. ಇಂಗ್ಲಿಷ್ ಬಂದವನಿಗೆ ಕಚೇರಿಯ ಬಾಗಿಲು ತೆರೆಯಿತು.

ಪಠ್ಯಪುಸ್ತಕಗಳ ಕಥೆಯೇ ಬೇರೆ. ತಲೆಮಾರುಗಳ ಕಾಲ ನಮ್ಮವರು ಉರು ಹೊಡೆದದ್ದು ನೆಸ್‌ಫೀಲ್ಡನ ವ್ಯಾಕರಣ, ಅನಂತರ ರೆನ್ ಮತ್ತು ಮಾರ್ಟಿನ್ ಜೋಡಿಯ ವ್ಯಾಕರಣ. ಈ ಎರಡನೆಯದು ಮೂಲತಃ ಇಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳಿಗಾಗಿ ಬರೆದದ್ದೆಂಬ ಮಾತಿದೆ. ಮನೆಯಲ್ಲಿ ಇಂಗ್ಲಿಷೇ ಆಡುವ ಮಗುವಿಗೆ ಅದರ ನಿಯಮ ಹೇಳುವುದು ಬೇರೆ, ಇಂಗ್ಲಿಷ್ ಕಿವಿಗೇ ಬೀಳದ ಮಗುವಿಗೆ ಹೇಳುವುದು ಬೇರೆ. ಆ ಎರಡನೇ ಮಗುವಿಗೆ ಬೇಕಾದದ್ದು ತನ್ನ ವಾಕ್ಯಕ್ಕೂ ಆ ವಾಕ್ಯಕ್ಕೂ ಇರುವ ವ್ಯತ್ಯಾಸದ ಅರಿವು.

ಒಂದು ಉದಾಹರಣೆ ನೋಡಿ. ‘ಹುಲಿ ಹಸುವನ್ನು ಕೊಂದಿತು’ ಎನ್ನಿ, ‘ಹಸುವನ್ನು ಹುಲಿ ಕೊಂದಿತು’ ಎನ್ನಿ, ಸತ್ತದ್ದು ಹಸುವೇ. ‘ಅನ್ನು’ ಎಂಬ ವಿಭಕ್ತಿ ಪ್ರತ್ಯಯ ಹಸುವಿನ ಬೆನ್ನಿಗೆ ಅಂಟಿಕೊಂಡಿರುವುದರಿಂದ ಪದ ಎಲ್ಲಿ ಕೂತರೂ ಅರ್ಥ ಕೆಡದು. ಇಂಗ್ಲಿಷಿನಲ್ಲಿ ‘ದಿ ಟೈಗರ್ ಕಿಲ್ಡ್ ದಿ ಕೌ’ ಎಂಬಲ್ಲಿ ಎರಡು ಪದಗಳ ಜಾಗ ಅದಲುಬದಲು ಮಾಡಿದರೆ ಹಸುವೇ ಹುಲಿಯನ್ನು ಕೊಂದುಬಿಡುತ್ತದೆ! ಅಲ್ಲಿ ಪ್ರತ್ಯಯದ ಕೆಲಸವನ್ನು ಸ್ಥಾನ ಮಾಡುತ್ತದೆ.

ಹಾಗೆಯೇ ‘ಸಂತೆಯಲ್ಲಿ’ ಎಂಬುದರ ‘ಅಲ್ಲಿ’ ಪದದ ಹಿಂದೆ ಬಂದರೆ, ಇಂಗ್ಲಿಷಿನ ‘ಇನ್’ ಪದದ ಮುಂದೆ ನಿಲ್ಲುತ್ತದೆ. ‘ಅವರು ಮೇಷ್ಟ್ರು’ ಎಂಬ ವಾಕ್ಯಕ್ಕೆ ಕ್ರಿಯಾಪದ ಬೇಕಿಲ್ಲ, ಇಂಗ್ಲಿಷಿಗೆ ‘ಈಸ್’ ಇಲ್ಲದೆ ನಡೆಯದು. ‘ಬಂದೆ’ ಎಂದರೆ ‘ನಾನು’ ಅದರಲ್ಲೇ ಅಡಗಿದೆ, ಇಂಗ್ಲಿಷಿಗೆ ‘ಐ’ ಬೇಕೇ ಬೇಕು. ‘ನಿನ್ನೆ ಬಂದ ಹುಡುಗ’ ಎಂಬುದು ‘ದಿ ಬಾಯ್ ಹೂ ಕೇಮ್ ಯೆಸ್ಟರ್‌ಡೇ’ ಆಗುವಾಗ ಇಡೀ ಸಾಲು ತಲೆಕೆಳಗಾಗುತ್ತದೆ. ಕನ್ನಡ ವ್ಯಾಕರಣ ಬಲ್ಲ ಮಗುವಿಗೆ ಇವನ್ನು ತಿಳಿಸುವುದು ಕಷ್ಟವಲ್ಲ. ಆದರೆ ಕನ್ನಡದ ಮೇಷ್ಟ್ರು ವಿಭಕ್ತಿ ಹೇಳುವಾಗ ಇಂಗ್ಲಿಷಿನ ಮಾತಿಲ್ಲ, ಇಂಗ್ಲಿಷ್ ಮೇಷ್ಟ್ರು ‘ಪ್ರಿಪೊಸಿಷನ್’ ಹೇಳುವಾಗ ಕನ್ನಡದ ಮಾತಿಲ್ಲ. ಎರಡು ಪೀರಿಯಡ್‌ಗಳ ನಡುವೆ ಗೋಡೆ.

ಬೆಂಗಳೂರಿನ ಪ್ರಯೋಗ

ಉರು ಹೊಡೆಸುವುದರಿಂದ ಭಾಷೆ ಬಾರದೆಂದು ಬಲ್ಲವರೂ ನಮ್ಮಲ್ಲಿದ್ದರು. ಶಿಕ್ಷಕರ ತರಬೇತಿಗೆಂದು ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಜಗತ್ತಿನ ಭಾಷಾ ಶಿಕ್ಷಕರಲ್ಲಿ ಹೆಸರಾಯಿತು. ವ್ಯಾಕರಣದ ಪಾಠ ಬಿಟ್ಟು, ರೈಲಿನ ವೇಳಾಪಟ್ಟಿ ಓದುವುದು, ನಕ್ಷೆ ನೋಡಿ ದಾರಿ ಹೇಳುವುದು ಮುಂತಾದ ಕೆಲಸಗಳನ್ನು ಮಕ್ಕಳಿಗೆ ಕೊಟ್ಟರು. ಮನಸ್ಸು ಅರ್ಥದ ಮೇಲಿದ್ದರೆ ವಾಕ್ಯದ ಕಟ್ಟು ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಇದನ್ನು ಪೂರ್ತಿ ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ ಅರ್ಥವಾಗದ ವಾಕ್ಯವನ್ನು ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ ಎಂಬಲ್ಲಿ ಯಾರದೂ ತಕರಾರಿಲ್ಲ.

2007ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಕಲಿಯುವ ವರ್ಷಗಳೇನೋ ಹೆಚ್ಚಿದವು. ಆದರೆ ಒಂದನೇ ತರಗತಿಗೆ ಬರುವ ಮಗು ಬರಿಗೈಲಿ ಬರುವುದಿಲ್ಲ. ಸೊಗಸಾದ ಕನ್ನಡ ವಾಕ್ಯ ಕಟ್ಟುವ ಶಕ್ತಿಯನ್ನೂ, ‘ಬಸ್ಸು’, ‘ಪೆನ್ನು’ಗಳಂಥ ನೂರಾರು ಪದಗಳನ್ನೂ ಮನೆಯಿಂದಲೇ ತಂದಿರುತ್ತದೆ. ಆ ಗಂಟನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಾ ಎನ್ನುವ ತರಗತಿಯಲ್ಲಿ ಪಟ್ಟಣದ ಮಗು ಹೇಗೋ ಈಜುತ್ತದೆ. ಹಿಂದೆ ಬೀಳುವುದು ಹಳ್ಳಿಯ ಮಗು. ಕೇಶಿರಾಜನನ್ನು ಹಿಡಿದು ಕಿಟೆಲ್ ಕನ್ನಡಕ್ಕೆ ಬಂದರು. ಕೇಶಿರಾಜನ ನಾಡಿನ ಮಗುವೂ ಅದೇ ದಾರಿಯಲ್ಲಿ ಇಂಗ್ಲಿಷಿಗೆ ಹೋಗಬಹುದು. ಅದಕ್ಕೆ ಬೇಕಾದದ್ದು ಎರಡೂ ಭಾಷೆಗಳ ವಾಕ್ಯವನ್ನು ಒಂದೇ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸುವ ಒಬ್ಬ ಮೇಷ್ಟ್ರು.