ನಾಲ್ಕು ಸಾವಿರ ಕಾರುಗಳ ಊರು

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ವೈಟ್ ಎಂಬುದೊಂದು ಚಿಕ್ಕ ಊರು. ಅಟ್ಲಾಂಟಾದಿಂದ ವಾಯವ್ಯಕ್ಕೆ ಸುಮಾರು 80 ಕಿಲೊಮೀಟರ್, 411ನೇ ಹೆದ್ದಾರಿಯ ಮೇಲೆ. 2020ರ ಜನಗಣತಿಯಲ್ಲೂ ಇಲ್ಲಿನ ಜನಸಂಖ್ಯೆ 700 ಮುಟ್ಟಲಿಲ್ಲ. ಆದರೆ ಇಲ್ಲಿನ ಒಂದೇ ಕುಟುಂಬದ 34 ಎಕರೆ ಜಾಗದಲ್ಲಿ ಕೂಡಿಬಿದ್ದ ಹಳೆಯ ಕಾರುಗಳು 4,000 ದಾಟಿದವು. ಲೆಕ್ಕ ಹಾಕಿದರೆ ತಲೆಗೆ ಆರು ಕಾರು.

ಕತೆ ಶುರುವಾದದ್ದು 1931ರಲ್ಲಿ, ಕಾಸಿಗೆ ಕಷ್ಟವಿದ್ದ ಕಾಲದಲ್ಲಿ. ಲೂಯಿಸ್ ದಂಪತಿ ರಸ್ತೆ ಬದಿಗೆ ಒಂದು ಅಂಗಡಿ ಇಟ್ಟರು. ಬಟ್ಟೆ, ಟೈರು, ಪೆಟ್ರೋಲು, ಕಾರಿನ ಬಿಡಿಭಾಗ ಎಲ್ಲವೂ ಅಲ್ಲೇ ಸಿಗುತ್ತಿತ್ತು. ಮುಂದೆ ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯಿತು. 1942ರ ಆರಂಭದಲ್ಲಿ ಟೈರಿಗೆ ರೇಷನ್ ಬಂತು, ಫೆಬ್ರವರಿಯಲ್ಲಿ ಜನಸಾಮಾನ್ಯರ ಕಾರು ತಯಾರಿಕೆಯೇ ನಿಂತಿತು. ಹೊಸದು ಸಿಗದಿದ್ದಾಗ ಹಳೆಯದನ್ನೇ ರಿಪೇರಿ ಮಾಡಿಸಿ ಓಡಿಸಬೇಕು. ಕೆಟ್ಟು ನಿಂತ ಕಾರಿನ ಚಕ್ರಕ್ಕೂ ಕಬ್ಬಿಣಕ್ಕೂ ಬೆಲೆ ಬಂತು. ಲೂಯಿಸ್ ಕುಟುಂಬ ಗುಜರಿ ವ್ಯಾಪಾರಕ್ಕೆ ಕೈಹಾಕಿತು. ಆ ದಶಕ ಮುಗಿಯುವ ಹೊತ್ತಿಗೆ ಉಳಿದ ಸರಕೆಲ್ಲ ಹಿಂದೆ ಸರಿದು ಗುಜರಿಯೇ ಕಸುಬಾಯಿತು.

ಹಳೆಯ ಭಾಗ ಮಾರುವುದು ತೂಕದ ವ್ಯಾಪಾರವಲ್ಲ, ನೆನಪಿನ ವ್ಯಾಪಾರ. ಯಾವ ಗಾಡಿ ಎಲ್ಲಿ ನಿಂತಿದೆ, ಅದರಲ್ಲಿ ಏನು ಉಳಿದಿದೆ ಎಂಬುದು ಯಜಮಾನನ ತಲೆಯಲ್ಲಿರಬೇಕು. ಯಾವ ಮಾಡೆಲಿನ ಬಾಗಿಲು, ಗೇರ್‌ಬಾಕ್ಸು ಇನ್ಯಾವ ಮಾಡೆಲಿಗೆ ಕೂರುತ್ತದೆ ಎಂದು ತಿಳಿಸುವ ಹಾಲೆಂಡರ್ ಕೈಪಿಡಿ 1934ರಿಂದಲೇ ಅಮೆರಿಕದ ಗುಜರಿಯವರಿಗೆ ಪಂಚಾಂಗವಾಗಿತ್ತು. ಪ್ಯಾಕರ್ಡ್ ಹೆಸರಿನ ಕಾರು 1958ಕ್ಕೆ ಕೊನೆಗೊಂಡಿತು, ಸ್ಟುಡಿಬೇಕರ್ 1966ಕ್ಕೆ. ತಯಾರಿಕೆಯೇ ನಿಂತ ಮೇಲೆ ಅವುಗಳ ಗ್ರಿಲ್ಲೋ, ಬಂಪರೋ, ಚಕ್ರದ ಮುಚ್ಚಳವೋ ಬೇಕೆಂದರೆ ಇಂಥ ಜಾಗಗಳಿಗೇ ಬರಬೇಕು.

ಹಳೆಯ ಕಾರು ಕೊಂಡು ವರ್ಷಗಟ್ಟಲೆ ಕೂತು ರಿಪೇರಿ ಮಾಡುವ ಹವ್ಯಾಸಿಗಳು ಮೊದಲು ಬಗ್ಗಿ ನೋಡುವುದು ಕಾರಿನ ಅಡಿಯನ್ನು. ಎಂಜಿನ್ನು ಬೇರೆ ಕಡೆ ಸಿಕ್ಕೀತು. ನೆಲದ ತಗಡು ತುಕ್ಕು ತಿಂದಿದ್ದರೆ ವೆಲ್ಡಿಂಗಿನ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು. ಅದಕ್ಕೇ ಅರಿಜೋನಾದ ಮರುಭೂಮಿಯಲ್ಲಿ ಒಣಗಿದ ಕಾರಿನ ಮೈಗೆ ಗಿರಾಕಿ ಹೆಚ್ಚು. ಜಾರ್ಜಿಯಾದಲ್ಲಿ ಹಾಗಲ್ಲ. ಮಳೆಯೂ ಸೆಕೆಯೂ ಧಾರಾಳ. ಉದುರಿದ ಪೈನ್ ಎಲೆ ಬಾನೆಟ್ಟಿನ ಸಂದಿಗಳಲ್ಲಿ ಕೂತು ತೇವ ಹಿಡಿಯುತ್ತದೆ, ತಗಡು ಒಳಗಿಂದಲೇ ಸವೆಯುತ್ತದೆ. ವೈಟ್‌ನಲ್ಲಿ ಮರಗಳು ಕಾರುಗಳ ಮೈ ಸೀಳಿಕೊಂಡೇ ಬೆಳೆದವು.

1970ರಲ್ಲಿ ಲೂಯಿಸ್ ದಂಪತಿಯ ಮಗ ತಂದೆತಾಯಿಯಿಂದ ವ್ಯಾಪಾರ ಕೊಂಡುಕೊಂಡ. ಮಾರುವುದಕ್ಕಿಂತ ಕೂಡಿಡುವುದರಲ್ಲೇ ಅವನಿಗೆ ಆಸಕ್ತಿ. ಕಬ್ಬಿಣದ ಬೆಲೆ ಏರಿದಾಗ ಎಷ್ಟೋ ಗುಜರಿಯವರು ಹಳೆಯ ಕಾರುಗಳನ್ನು ಜಜ್ಜಿ ತೂಕಕ್ಕೆ ಹಾಕಿದರು. 2009ರ ಬೇಸಿಗೆಯಲ್ಲಿ ಅಮೆರಿಕ ಸರ್ಕಾರವೇ ಹೆಚ್ಚು ಪೆಟ್ರೋಲು ಕುಡಿಯುವ ಗಾಡಿ ಕೊಟ್ಟು ಹೊಸದು ಕೊಂಡವರಿಗೆ 4,500 ಡಾಲರ್‌ವರೆಗೆ ನೆರವು ಕೊಟ್ಟಿತು. ಆರೂ ಮುಕ್ಕಾಲು ಲಕ್ಷಕ್ಕೂ ಹೆಚ್ಚು ಗಾಡಿಗಳು ಹಾಗೆ ಬಂದವು. ಮತ್ತೆ ರಸ್ತೆಗೆ ಇಳಿಯಬಾರದೆಂದು ಅವುಗಳ ಎಂಜಿನ್ನಿಗೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು ಕೆಡಿಸಲಾಯಿತು. ಇಂಥ ಕಾಲದಲ್ಲೂ ವೈಟ್‌ನ ಗುಜರಿ ಕರಗಲಿಲ್ಲ. 1972ರ ಮತ್ತು ಅದಕ್ಕಿಂತ ಹಿಂದಿನ ಮಾಡೆಲುಗಳೇ ಅಲ್ಲಿ ಹೆಚ್ಚಾಗಿ ಉಳಿದವು.

ಬಿಡಿಭಾಗದ ವ್ಯಾಪಾರ ಇಳಿದಾಗ ಮಗ ಜಾಗಕ್ಕೆ 'ಓಲ್ಡ್ ಕಾರ್ ಸಿಟಿ' ಎಂದು ಬೋರ್ಡು ಹಾಕಿ ಟಿಕೆಟ್ ಇಟ್ಟ. ಕಾರುಗಳ ನಡುವೆ ಸುಮಾರು 10 ಕಿಲೊಮೀಟರ್ ಕಾಲುದಾರಿ ಆಯಿತು. ಥರ್ಮೊಕೋಲ್ ಲೋಟಗಳ ಮೇಲೆ ಪೆನ್ನಿನಲ್ಲಿ ತಾನೇ ಬಿಡಿಸಿದ ಚಿತ್ರಗಳನ್ನೂ ಪ್ರದರ್ಶನಕ್ಕಿಟ್ಟ.

ವೈಟ್ ಇರುವ ಕೌಂಟಿಯ ಕಾರ್ಟರ್ಸ್‌ವಿಲ್‌ನಲ್ಲಿ 2021ರ ಡಿಸೆಂಬರಿನಲ್ಲಿ ಸವಾಯ್ ಕಾರು ಸಂಗ್ರಹಾಲಯ ತೆರೆಯಿತು. ಕಟ್ಟಡ ಎಬ್ಬಿಸಿದ ಜಾಗದಲ್ಲೇ ಸಿಕ್ಕ ತುಕ್ಕು ಹಿಡಿದ ಪ್ಲಿಮತ್ ಸವಾಯ್ ಕಾರಿನ ಹೆಸರೇ ಅದಕ್ಕೆ. ಒಳಗೆ ಮಾತ್ರ ಕನ್ನಡಿಯಂತೆ ಹೊಳೆಯುವ ಕಾರುಗಳು. ವೈಟ್‌ನ ಗುಜರಿಯಲ್ಲಿ ತುಕ್ಕೇ ಬಂಡವಾಳವಾಗಿತ್ತು: ಸುಮ್ಮನೆ ನೋಡಿ ಹೋಗುವವರಿಗೆ ಒಂದು ದರ, ಕ್ಯಾಮೆರಾ ಹಿಡಿದು ಬಂದವರಿಗೆ ಅದಕ್ಕಿಂತ ಹೆಚ್ಚಿನ ದರ ಇತ್ತು.