ನಯಾಗರದ ಕೆಳಗಿನ ಕಮರಿ

ಟೊರಾಂಟೊ ಸುತ್ತಮುತ್ತ ದುಡಿಯುವ ನಮಗೆಲ್ಲ ನಯಾಗರ ಒಂದು ಡ್ಯೂಟಿ ಇದ್ದ ಹಾಗೆ. ಊರಿಂದ ಯಾರೇ ಬರಲಿ, ಮೊದಲ ರಜಾ ದಿನ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೊರಡಲೇಬೇಕು. ನಾನೂ ಎಂಟು-ಹತ್ತು ಸಲ ಹೋಗಿ, ಕಂಬಿ ಹಿಡಿದು ಫೋಟೋ ತೆಗೆಸಿಕೊಂಡು ಬಂದವನೇ. ಅಪ್ಪ ಬಂದಾಗ ಮಾತ್ರ ಕಥೆ ಬೇರೆಯಾಯ್ತು. ಮಳವಳ್ಳಿ ಕಡೆ ಲೈನ್‌ಮನ್ ಆಗಿದ್ದು ರಿಟೈರ್ ಆದವರು ಅವರು. ಹಾರ್ಸ್‌ಶೂ ಜಲಪಾತವನ್ನು ಐದು ನಿಮಿಷ ನೋಡಿ, "ಪವರ್ ಹೌಸ್ ಎಲ್ಲೈತೆ? ನಮ್ ಗಗನಚುಕ್ಕಿಲಿ ನೀರು ಬಿಟ್ರೆ ತಾನೆ ಜಲಪಾತ, ಇಲ್ಲೂ ಹಂಗೇನಾ?" ಅಂದರು. ನಾನು ನಕ್ಕುಬಿಟ್ಟೆ. ಆಮೇಲೆ ಓದಿ ನೋಡಿದರೆ ಅಪ್ಪನ ಅನುಮಾನವೇ ಸರಿ.

ಅದಕ್ಕೆ ಮೊದಲು ಕಮರಿಯ ವಿಷಯ. ಸುಮಾರು 12 ಸಾವಿರ ವರ್ಷಗಳ ಹಿಂದೆ, ಹಿಮದ ಹಾಸು ಕರಗಿ ಹಿಂದೆ ಸರಿದಾಗ, ಈ ಜಲಪಾತ ಇದ್ದದ್ದು ಈಗಿನ ಜಾಗದಲ್ಲಲ್ಲ, 11 ಕಿಲೋಮೀಟರ್ ಕೆಳಗೆ, ಕ್ವೀನ್‌ಸ್ಟನ್ ಹತ್ತಿರ. ಮೇಲೆ ಡಾಲೊಮೈಟ್ ಎಂಬ ಗಟ್ಟಿ ಕಲ್ಲು, ಅದರಡಿ ಶೇಲ್ ಎಂಬ ಮೆತ್ತನೆಯ ಪದರಗಲ್ಲು. ನೀರು ಕೆಳಗಿನದನ್ನು ಕೊರೆಯುತ್ತದೆ, ಆಧಾರ ತಪ್ಪಿದ ಮೇಲಿನ ಬಂಡೆ ಧೊಪ್ಪನೆ ಬೀಳುತ್ತದೆ, ಜಲಪಾತ ಒಂದು ಹೆಜ್ಜೆ ಹಿಂದೆ ಹೋಗುತ್ತದೆ. ಹೀಗೆ ಹಿಂದೆ ಹೋಗುತ್ತಾ ಬಿಟ್ಟುಹೋದ ದಾರಿಯೇ ಈ ಕಮರಿ. 1841ರಲ್ಲಿ ಬಂದ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್, ವರ್ಷಕ್ಕೆ ಒಂದು ಅಡಿಯಂತೆ ಲೆಕ್ಕ ಹಾಕಿ, ಇದಕ್ಕೆ 35 ಸಾವಿರ ವರ್ಷ ಬೇಕಾಯಿತು ಅಂದ. ಸಂಖ್ಯೆ ತಪ್ಪಿತ್ತು, ಲೆಕ್ಕದ ದಾರಿ ಸರಿಯಿತ್ತು.

ಪ್ರವಾಸಿಗರು ಬಂದ ಹಾಗೆ ವ್ಯಾಪಾರವೂ ಬಂತು. 1827ರಲ್ಲಿ ಹೋಟೆಲಿನವರು ಒಂದು ಹಳೇ ಹಡಗಿಗೆ ಪ್ರಾಣಿಗಳನ್ನು ತುಂಬಿ ಜಲಪಾತದ ಮೇಲಿಂದ ಬಿಟ್ಟು ಜನ ಸೇರಿಸಿದರು. 1859ರಲ್ಲಿ ಬ್ಲಾಂಡಿನ್ ಕಮರಿಯ ಮೇಲೆ ಹಗ್ಗ ಕಟ್ಟಿ ನಡೆದ. ನದಿ ದಂಡೆಗೆಲ್ಲ ಖಾಸಗಿಯವರು ಬೇಲಿ ಹಾಕಿ, ಜಲಪಾತ ನೋಡೋಕೂ ಕಾಸು ವಸೂಲಿ ಮಾಡುವ ಮಟ್ಟಕ್ಕೆ ಹೋಯಿತು. ಉದ್ಯಾನ ವಿನ್ಯಾಸಕ ಓಲ್ಮ್‌ಸ್ಟೆಡ್ ಮತ್ತವನ ಜೊತೆಗಾರರು ವರ್ಷಗಟ್ಟಲೆ ಹೋರಾಡಿದ ಮೇಲೆ, 1885ರಲ್ಲಿ ನ್ಯೂಯಾರ್ಕ್ ಸರ್ಕಾರ ಆ ಕಡೆಯ ಜಾಗ ಕೊಂಡು ಬೇಲಿ ಕೀಳಿಸಿತು. ಕೆನಡಾ ಕಡೆಯ ಪಾರ್ಕ್ 1888ರಲ್ಲಿ ತೆರೆಯಿತು. ಇವತ್ತು ನಾವು ಪುಕ್ಕಟೆ ನಿಂತು ನೋಡುವುದು ಆ ಜಗಳದ ಫಲ. (ಪಾರ್ಕಿಂಗ್ ದುಡ್ಡಿನ ಮಾತು ಬೇಡ ಬಿಡಿ.)

ಇನ್ನು ಅಪ್ಪನ ಪ್ರಶ್ನೆ. 1896ರಲ್ಲಿ ನಯಾಗರದ ವಿದ್ಯುತ್ ಸುಮಾರು 40 ಕಿಲೋಮೀಟರ್ ದೂರದ ಬಫಲೋ ನಗರಕ್ಕೆ ಹೋಯಿತು. ಆರೇ ವರ್ಷ ಕಳೆದು, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು! ಇದನ್ನು ಹೇಳಿದಾಗ ಅಪ್ಪನ ಮುಖ ನೋಡಬೇಕಿತ್ತು.

ಇಲ್ಲಿ ನದಿಯ ಸಹಜ ಹರಿವು ಸುಮಾರು 2 ಲಕ್ಷ ಕ್ಯೂಸೆಕ್. ಕ್ಯೂಸೆಕ್ ಅಂದರೇನು ಅಂತ ಕಾವೇರಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1950ರಲ್ಲಿ ಎರಡೂ ದೇಶಗಳು ಮಾಡಿಕೊಂಡ ಒಪ್ಪಂದದಂತೆ, ಪ್ರವಾಸಿ ಕಾಲದ ಹಗಲಲ್ಲಿ ಜಲಪಾತಕ್ಕೆ ಕನಿಷ್ಠ 1 ಲಕ್ಷ ಕ್ಯೂಸೆಕ್ ಬಿಡಬೇಕು. ರಾತ್ರಿ ಮತ್ತು ಚಳಿಗಾಲದಲ್ಲಿ 50 ಸಾವಿರ ಸಾಕು. ಉಳಿದದ್ದು ಸುರಂಗ, ಕಾಲುವೆ ಹಿಡಿದು ಕ್ವೀನ್‌ಸ್ಟನ್ ಹತ್ತಿರದ ಪವರ್ ಹೌಸ್‌ಗಳಿಗೆ. ನೀರು ಕಡಿಮೆಯಾದ್ದರಿಂದ ಕೊರೆತವೂ ತಗ್ಗಿದೆ. ಹಿಂದೆ ವರ್ಷಕ್ಕೆ ಮೀಟರ್ ಲೆಕ್ಕದಲ್ಲಿ ಹಿಂದೆ ಸರಿಯುತ್ತಿದ್ದ ಜಲಪಾತ ಈಗ ಒಂದು ಅಡಿಯೂ ಸರಿಯುವುದು ಕಷ್ಟ.

ಮಾರನೇ ತಿಂಗಳು ಅಪ್ಪನನ್ನು ಕಮರಿಯೊಳಗಿನ ನಯಾಗರ ಗ್ಲೆನ್‌ಗೆ ಕರೆದುಕೊಂಡು ಹೋದೆ. ಕಬ್ಬಿಣದ ಮೆಟ್ಟಿಲು ಇಳಿದರೆ ಮರಗಳ ನಡುವೆ ಮನೆಗಾತ್ರದ ಬಂಡೆಗಳು. ಒಂದು ಕಾಲಕ್ಕೆ ನೀರು ಧುಮುಕುತ್ತಿದ್ದ ಅಂಚಿನಿಂದ ಕಳಚಿ ಬಿದ್ದವು. ಅಂಥದೊಂದರ ಮೇಲೆ ಕೂತು ಚಿತ್ರಾನ್ನ ತಿಂದ ಅಪ್ಪ, ಎದ್ದು ಪಂಚೆ ಕೊಡವಿಕೊಂಡು, "ಈಗ ಪವರ್ ಹೌಸ್ ತೋರ್ಸು, ನಡಿ" ಅಂದರು.